ನಮ್ಮ ಮಾವನಿಗೆ ಬೇಕಾಗಿದ್ದ ತಿರುಗುವ ಅಕ್ಷರ

ಎರಡೇ ಎರಡು ಅಕ್ಷರಕ್ಕೆ ಹನ್ನೊಂದು ಸಾವಿರದ ನಾನೂರ ಐದು ರೂಪಾಯಿ ಖರ್ಚಾಯಿತು. ಅದೂ ನಾನು ಚೌಕಾಸಿ ಮಾಡಿದ ಮೇಲೆ! ಅದರಲ್ಲಿ ಹನ್ನೊಂದು ಸಾವಿರದ ನಾನೂರು ಶುದ್ಧ ದಂಡ. ಕೊನೆಯ ಐದು ರೂಪಾಯಿ ಮಾತ್ರ ಕೆಲಸಕ್ಕೆ ಬಂದದ್ದು. ಬೇರೆ ಯಾರಾದರೂ ಹೀಗೆ ಖರ್ಚು ಮಾಡಿಕೊಂಡು ಬಂದಿದ್ದರೆ ನಾನೇ ಅವರನ್ನು ಕೂರಿಸಿಕೊಂಡು ಅರ್ಧ ಗಂಟೆ ಬುದ್ಧಿ ಹೇಳಿ, ಟೀ ಕುಡಿಸದೆ ಕಳಿಸುತ್ತಿದ್ದೆ. ಆದರೆ ಈ ಖರ್ಚಿಗೆ ಕಾರಣ ನಮ್ಮ ಸೋದರಮಾವ. ನಿಮಗೆ ನಮಗೆಲ್ಲ ಅಕ್ಷರ ಕಣ್ಣಿಗೆ ಕಾಣುತ್ತದಲ್ಲ, ನಮ್ಮ ಮಾವನಿಗೆ ಅದು ಕಿವಿಗೆ ಕೇಳಿಸುತ್ತದೆ. ಅಂಥ ಗಿರಾಕಿಯ ಹತ್ತಿರ ಹೇಗೆ ವ್ಯವಹಾರ ಮಾಡುತ್ತೀರಿ, ನೀವೇ ಹೇಳಿ!

ನನ್ನದು ಚನ್ನಪಟ್ಟಣದ ಬಸ್ ನಿಲ್ದಾಣದ ಹತ್ತಿರ ಒಂದು ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ತಿಥಿ ಕಾರ್ಡು, ಫ್ಲೆಕ್ಸು, ಬಿಲ್ ಬುಕ್ಕು. ಮಾಗಡಿಯಲ್ಲಿ ಇನ್ನೊಬ್ಬರ ಪ್ರೆಸ್ಸಿನಲ್ಲಿ ಕಾಗದ ಮಡಚುವ ಕೆಲಸದಿಂದ ಶುರು ಮಾಡಿ ಇಲ್ಲಿಗೆ ಬಂದು ನಿಂತವನು ನಾನು. ಯಾರೂ ಕೈ ಹಿಡಿದು ನಡೆಸಲಿಲ್ಲ, ನಾಲಿಗೆಯೇ ನಡೆಸಿತು. ರಾಮನಗರದ ಕಾಗದದ ಹೋಲ್‌ಸೇಲ್ ಅಂಗಡಿಯವನು ದೂರದಿಂದ ನನ್ನನ್ನು ಕಂಡರೆ ಅಲ್ಲಿಂದಲೇ ಎರಡು ಪರ್ಸೆಂಟ್ ಇಳಿಸುತ್ತಾನೆ, ನಾನು ಬಾಯಿ ತೆರೆದರೆ ನಾಲ್ಕು ಇಳಿಸಬೇಕಾಗುತ್ತದೆ ಅಂತ! ಕಂಪ್ಯೂಟರ್ ಕೆಲಸವೆಲ್ಲ ನನ್ನ ಹೆಂಡತಿಯದು. ಅಕ್ಷರ ಅವಳದು, ರೇಟು ನನ್ನದು. ಸಂಸಾರ ಹೀಗೆ ಸುಸೂತ್ರ ನಡೆಯುತ್ತಿತ್ತು, ಮಾವ ಪತ್ರಿಕೆ ಮಾಡುತ್ತೇನೆ ಅನ್ನುವ ತನಕ.

ಮಾವ ಅಂದರೆ ನಮ್ಮ ತಾಯಿಯ ತಮ್ಮ. ಸಾತನೂರಿನವನು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ಎರಡು ವರ್ಷದ ಹಿಂದೆ ರಿಟೈರ್ ಆದವನು. ಏಕವಚನದಲ್ಲಿ ಬರೆಯುತ್ತಿದ್ದೇನೆ ಅಂತ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಸೋದರಮಾವನ ಜೊತೆ ಅದೇ ಸಲಿಗೆ. ಬಹುವಚನ ಹಾಕಿದರೆ ಜಗಳ ಅಂತ ಅರ್ಥ!

ಕನಕಪುರ, ಸಾತನೂರು, ಚನ್ನಪಟ್ಟಣದ ರೂಟಿನಲ್ಲಿ ಅವನ ಕಾಲದಲ್ಲಿ ಓಡಾಡಿದವರನ್ನು ಕೇಳಿ ನೋಡಿ. ಮಿಕ್ಕ ಕಂಡಕ್ಟರುಗಳು ಊರು ಕೂಗುತ್ತಿದ್ದರು, ನಮ್ಮ ಮಾವ ಹಾಡುತ್ತಿದ್ದ. "ಕಬ್ಬಾಳೂ... ಕಬ್ಬಾಳೂ... ಕಬ್ಬಾಳಮ್ಮನ ಕಬ್ಬಾಳೂ..." ಅಂತ ಎಳೆದು ಎಳೆದು ಇಳಿಸುವ ಹೊತ್ತಿಗೆ, ಇಳಿಯಬೇಕಾದವರು ಕೇಳುತ್ತಾ ಕೂತುಬಿಟ್ಟು ಮುಂದಿನ ಸ್ಟಾಪಿಗೆ ಹೋಗಿರುತ್ತಿದ್ದರು. ಆಮೇಲೆ ಮಾವನೇ ಅವರನ್ನು ಬೈಯುತ್ತಿದ್ದ: "ಪದ ಕೇಳೀಕ್ ಬಂದ್ಯೋ, ಊರಿಗ್ ಹೋಗೀಕ್ ಬಂದ್ಯೋ?" ಚಿಲ್ಲರೆ ಕೊಡದ ಪ್ರಯಾಣಿಕರ ಹೆಸರು ನೆನಪಿರುತ್ತಿರಲಿಲ್ಲ, ಶ್ರುತಿ ನೆನಪಿರುತ್ತಿತ್ತು. "ಆ ಕೀರಲು ದನಿಯೋನು ನಂಗೆ ಮೂರು ರೂಪಾಯಿ ಕೊಡ್ಬೇಕು ಕಣ್ಲಾ" ಅನ್ನುತ್ತಿದ್ದ!

ರಿಟೈರ್ ಆದಮೇಲೆ ಸುತ್ತಿನ ನಾಲ್ಕು ತಾಲ್ಲೂಕಿನ ಹಾಡುಗಾರರನ್ನೆಲ್ಲ ಸೇರಿಸಿ ಒಂದು ಸಂಗೀತದ ಮಾಸಪತ್ರಿಕೆ ತರುವುದು ಅವನ ಹಟವಾಯಿತು. ಹದಿನಾರು ಪುಟ. ಸೋಬಾನೆ ಹೇಳುವ ಮುದುಕಿಯರು, ಭಜನೆ ಮೇಳದವರು, ತಮಟೆಯವರು, ದೊಡ್ಡಮಳೂರಿನ ಗುಡಿಯ ಮುಂದೆ ನಾದಸ್ವರ ಊದಿ ಊದಿ ಕೆನ್ನೆ ಜೋತುಬಿದ್ದ ಒಬ್ಬ ಹಿರಿಯರು, ಎಲ್ಲರ ಮನೆಗೂ ತಾನೇ ಹೋಗಿ, ಬರೆದುಕೊಂಡು, ಫೋಟೋ ತೆಗೆದುಕೊಂಡು ಬಂದ. ಪತ್ರಿಕೆಯ ಹೆಸರು 'ಸೊಲ್ಲು'. ಸೋಬಾನೆಯಲ್ಲಿ ಒಬ್ಬರು ಪದ ಹೇಳುತ್ತಾರೆ, ಮಿಕ್ಕವರು ಅದನ್ನೇ ಹಿಂದಿನಿಂದ ಎತ್ತಿಕೊಂಡು ಹೇಳುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಸೊಲ್ಲು ಕೊಡುವುದು ಅಂತಾರೆ. ಪದ ಹೇಳುವುದಕ್ಕೆ ಕಂಠ ಬೇಕು, ಸೊಲ್ಲು ಕೊಡುವುದಕ್ಕೆ ಪ್ರೀತಿ ಇದ್ದರೆ ಸಾಕು.

"ಎರಡೇ ಅಕ್ಷರ, ಒಳ್ಳೇದಾಯ್ತು ಮಾವ, ಇಂಕು ಉಳೀತದೆ" ಅಂದೆ ನಾನು. ಎಂಥ ಮೂರ್ಖ ನೋಡಿ!

ಒಳಗಿನ ಪುಟಗಳೆಲ್ಲ ಒಂದು ತಿಂಗಳಲ್ಲಿ ಸಿದ್ಧ. ಉಳಿದದ್ದು ಮುಖಪುಟದ ಮೇಲೆ ಪತ್ರಿಕೆಯ ಹೆಸರು ಯಾವ ಫಾಂಟಿನಲ್ಲಿ ಬರಬೇಕು ಅನ್ನುವುದಷ್ಟೇ. ಅಷ್ಟೇ! ಆ 'ಅಷ್ಟೇ' ಏಳು ತಿಂಗಳು ನಡೆಯಿತು.

ಪ್ರತಿ ಮಂಗಳವಾರ ಮಾವ ಸಾತನೂರಿನಿಂದ ಬಸ್ಸು ಹತ್ತಿ ಬರುತ್ತಿದ್ದ. ಹೆಗಲಿಗೆ ಚೀಲ, ಚೀಲದಲ್ಲಿ ಒಂದು ಸ್ಟೀಲ್ ನೀರಿನ ಬಾಟಲಿ. ನನ್ನ ಹೆಂಡತಿ ಹೊಸ ಹೊಸ ಫಾಂಟಿನಲ್ಲಿ 'ಸೊಲ್ಲು' ಅಂತ ಪ್ರಿಂಟು ತೆಗೆದಿಡುತ್ತಿದ್ದಳು. ಮಾವ ಒಂದೊಂದೇ ಹಾಳೆ ಎತ್ತಿಕೊಂಡು, ಕಣ್ಣು ಮುಚ್ಚಿ, ಸಣ್ಣಗೆ ಗುನುಗಿ, ತೀರ್ಪು ಕೊಡುತ್ತಿದ್ದ.

"ಇದು ಬ್ಯಾಂಡ್‌ಸೆಟ್ಟು ಕಣವ್ವ. ಸದ್ದು ಐತೆ, ಪದ ಇಲ್ಲ."

"ಇದು?"

"ಇದು ತಾಲ್ಲೂಕಾಫೀಸ್ ನೋಟೀಸು. ಓದ್ತಿದ್ದಂಗೆ ಕಂದಾಯ ಕಟ್ಬೇಕು ಅನ್ನಿಸ್ತದೆ."

"ಇದು ಚೆನ್ನಾಗೈತೆ ಮಾವ, ಎಲ್ರೂ ಮದುವೆ ಕಾರ್ಡಿಗೆ ಇದನ್ನೇ ಹಾಕಿಸ್ಕೋತಾರೆ" ಅಂದಳು ನನ್ನ ಹೆಂಡತಿ.

"ಅದ್ಕೇ ಬ್ಯಾಡ. ಇದು ಸೊಲ್ಲು ಕೊಡಾಕಿಲ್ಲ, ಮುಯ್ಯಿ ಕೇಳ್ತದೆ!"

ಇದಾದ ಮೇಲೆ ಅವನದೊಂದು ವಿಚಿತ್ರ ಪರೀಕ್ಷೆ. ಹಾಳೆಯನ್ನು ಆ ಸ್ಟೀಲ್ ಬಾಟಲಿಗೆ ಸುತ್ತುತ್ತಿದ್ದ. ಸುತ್ತಿ, ಬಾಟಲಿಯನ್ನು ಕಣ್ಣಿನ ಮುಂದೆ ಹಿಡಿದು, ನಿಧಾನವಾಗಿ ತಿರುಗಿಸುತ್ತಿದ್ದ. ತಿರುಗಿಸಿ ತಿರುಗಿಸಿ ನೋಡಿ ತಲೆ ಅಲ್ಲಾಡಿಸುತ್ತಿದ್ದ.

"ತಿರುಗ್ತಾ ಇಲ್ಲ ಕಣಳಿಯ."

"ಏನು ತಿರುಗ್ಬೇಕು?"

"ಅಕ್ಷರ."

"ಅಕ್ಷರ ಯಾಕ್ ಮಾವ ತಿರುಗ್ಬೇಕು? ಅದೇನು ಫ್ಯಾನಾ?"

"ನಿಂಗ್ ಗೊತ್ತಾಗಾಕಿಲ್ಲ ಬುಡು. ಇನ್ನೊಂದ್ ತೆಗಿ."

ನನ್ನ ಹೆಂಡತಿ ಒಂದು ದಿನ ಪಾಪ, ಕಂಪ್ಯೂಟರಿನಲ್ಲಿ ಅಕ್ಷರವನ್ನೇ ಹಿಡಿದು ತಲೆಕೆಳಗು ತಿರುಗಿಸಿ ತೋರಿಸಿದಳು. ಮಾವ ಅದನ್ನೂ ತಾಳ್ಮೆಯಿಂದ ನೋಡಿ, "ಈಗ ತಿರುಗ್ತು ಕಣವ್ವ, ಆದ್ರೆ ಶೀರ್ಷಾಸನ ಹಾಕ್ತು" ಅಂದ. ಮದುವೆ ಕಾರ್ಡು ಮಾಡಿಸಲು ಬಂದವರು ಇದನ್ನೆಲ್ಲ ನೋಡಿ ನಕ್ಕು, ಅರ್ಧ ಗಂಟೆ ಹೆಚ್ಚು ಕೂರುತ್ತಿದ್ದರು. ಕೂತವರಿಗೆ ಟೀ ತರಿಸಬೇಕು. ಆ ಟೀ ಖರ್ಚನ್ನೂ ಹನ್ನೊಂದು ಸಾವಿರದಲ್ಲಿ ಸೇರಿಸಿದ್ದೇನೆ, ಬಿಡುವವನಲ್ಲ.

ಊಟಕ್ಕೆ ನಿಲ್ಲಿಸಿಕೊಂಡರೆ ಇನ್ನೊಂದು ಪೇಚು. ಅಂಗಡಿಯ ಹಿಂದೆಯೇ ನಮ್ಮ ಮನೆ. ಮಾವನಿಗೆ ಮುದ್ದೆಯೇ ಆಗಬೇಕು. ಚಪಾತಿ ಕಂಡರೆ ಮುಖ ಸಿಂಡರಿಸುತ್ತಿದ್ದ: "ಅದು ಜ್ವರ ಬಂದೋರ ಊಟ ಕಣವ್ವ. ನಂಗೇನ್ ಬಂದೈತೆ?" ಹಾಗಾಗಿ ಮಂಗಳವಾರ ನಮ್ಮ ಮನೆಯಲ್ಲಿ ಚಪಾತಿಗೆ ರಜ. ಅಡುಗೆಮನೆ ಹೆಂಗಸರ ಜಾಗ ಅಂತ ಮಾವ ಹೊಸ್ತಿಲು ದಾಟುತ್ತಲೂ ಇರಲಿಲ್ಲ; ಹಜಾರದಲ್ಲೇ ಚಾಪೆ ಹಾಕಿಸಿಕೊಳ್ಳುತ್ತಿದ್ದ.

ಬಸ್ಸಿನ ಪರೀಕ್ಷೆಯ ಕಥೆ ಕೇಳಿ. ಅಕ್ಷರ ಅಂದರೆ ಓಡುವ ಬಸ್ಸಿನ ಬೋರ್ಡಿನ ಥರ ಇರಬೇಕು, ಓಡಿಬರುವವನಿಗೂ ತಿಳಿಯಬೇಕು ಅನ್ನುವುದು ಮಾವನ ಇನ್ನೊಂದು ಸಿದ್ಧಾಂತ. ಹಳೆಯ ಡ್ರೈವರ್ ಗೆಳೆಯನೊಬ್ಬನನ್ನು ಪುಸಲಾಯಿಸಿ, ಎರಡು ಅಡಿ ಉದ್ದದ 'ಸೊಲ್ಲು' ಪ್ರಿಂಟನ್ನು ಬಸ್ಸಿನ ಮುಂದಿನ ಗಾಜಿಗೆ ಅಂಟಿಸಿದ. ತಾನು ಸಾತನೂರಿನ ಸ್ಟಾಪಿನಲ್ಲಿ ಕೈ ಕಟ್ಟಿ ನಿಂತ. ಬಸ್ಸು ಬಂತು. ಮಾವನಿಗೆ ಅಕ್ಷರ ಒಪ್ಪಿಗೆಯಾಯಿತೋ ಇಲ್ಲವೋ, ಎರಡು ಕೋಳಿ ಹಿಡಿದಿದ್ದ ಒಬ್ಬಳು ಅಜ್ಜಿ ಸೀದಾ ಬಸ್ಸು ಹತ್ತಿ ಕೂತು, "ಸೊಲ್ಲುಗೆ ಒಂದು ಕೊಡಪ್ಪ" ಅಂದಳು.

"ಅಜ್ಜಿ, ಆ ಹೆಸರಿನ ಊರೇ ಇಲ್ಲ" ಅಂದ ಹೊಸ ಕಂಡಕ್ಟರ್.

"ಇಲ್ದೆ ಬೋರ್ಡ್ ಹಾಕಿದ್ದೀಯಾ? ನಂಗೇನ್ ಓದಾಕ್ ಬರಾಕಿಲ್ವಾ? ಹೊಸ ಊರಾಗೈತೆ, ನೋಡ್ಕಂಡ್ ಬತ್ತೀನಿ. ಫ್ರೀ ಅಲ್ವಾ ಹೆಂಗಸ್ರಿಗೆ!"

ಅಜ್ಜಿಯನ್ನು ಇಳಿಸಲು ಹತ್ತು ನಿಮಿಷ ಬೇಕಾಯಿತು. ಕೋಳಿಗಳು ಒಪ್ಪಿದರೂ ಅವಳು ಒಪ್ಪಲಿಲ್ಲ. ಗಾಜಿಗೆ ಅಂಟಿದ ಗೋಂದು ಕೆರೆದು ತೆಗೆಸಿದ್ದಕ್ಕೆ ಡ್ರೈವರಿಗೆ ಊಟ ಹಾಕಿಸಿದ್ದೂ ನನ್ನ ಲೆಕ್ಕಕ್ಕೇ ಬಂತು.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಬೆಂಗಳೂರಿನಲ್ಲಿ ಅಕ್ಷರ ಬರೆದುಕೊಡುವುದನ್ನೇ ಕಸುಬು ಮಾಡಿಕೊಂಡವನೊಬ್ಬನನ್ನು ಹಿಡಿದೆ. ಹದಿನೈದು ಸಾವಿರ ಕೇಳಿದ. "ಎರಡೇ ಅಕ್ಷರ ಸ್ವಾಮಿ, ಅದರಲ್ಲಿ ಒಂದು ಅಕ್ಷರದ ಕೆಳಗೆ ಅದೇ ಅಕ್ಷರ ಚಿಕ್ಕದಾಗಿ ಬರುತ್ತೆ, ಅದಕ್ಕೆ ಹೊಸದಾಗಿ ಏನು ಬರೀತೀರಿ?" ಅಂತ ವಾದ ಮಾಡಿ ಏಳು ಸಾವಿರಕ್ಕೆ ತಂದೆ. ಮಾವ ಫೋನಿನಲ್ಲಿ ಆ ಹುಡುಗನಿಗೆ ಮುಕ್ಕಾಲು ಗಂಟೆ ಸೋಬಾನೆ ಹೇಳಿದ, ಅಕ್ಷರಕ್ಕೆ ಭಾವ ಬರಲಿ ಅಂತ. ಹುಡುಗ ಎಲ್ಲ ಕೇಳಿಸಿಕೊಂಡು, "ತುಂಬಾ ಇನ್‌ಸ್ಪೈರ್ ಆಯ್ತು ಅಂಕಲ್" ಅಂದು, ಹದಿನೈದು ದಿನ ಬಿಟ್ಟು ಕಳಿಸಿದ್ದು ಏನು? ಎರಡು ಗೀಟು, ಮೂರು ಸೊನ್ನೆ! ಈಗ ಹೀಗೇ ನಡೆಯುತ್ತಿರುವುದಂತೆ. ಮಾವ ಅದನ್ನು ಬಾಟಲಿಗೂ ಸುತ್ತಲಿಲ್ಲ. ನೇರ ಫೋನ್ ಮಾಡಿಸಿದ.

"ಏನಪ್ಪಾ ತಂದೆ, ಅಕ್ಷರದ ಮೂಳೆ ಬಂದು ಮುಟ್ತು. ಮಾಂಸ ಯಾವ ಬಸ್ಸಿಗೆ ಬತ್ತದೆ?"

ಏಳು ಸಾವಿರ ಹೋಯಿತು. ಅವತ್ತು ನನಗೂ ಸಿಟ್ಟು ನೆತ್ತಿಗೇರಿತು. ಅದರ ಹಿಂದಿನ ದಿನವೇ ಕಬ್ಬಾಳಿನಿಂದ ಒಬ್ಬಳು ಸೋಬಾನೆ ಮುದುಕಿ ಯಾರದೋ ಫೋನಿನಿಂದ ಮಾತಾಡಿ, "ನನ್ ಫೋಟೋ ಎಂದಪ್ಪ ಬರದು? ನಾನ್ ಹೋದ್ ಮ್ಯಾಗಾ?" ಅಂತ ಕೇಳಿದ್ದಳು. ಒಂದು ಫಾಂಟಿಗಾಗಿ ಹದಿನಾರು ಪುಟ ಕೊಳೆಯುತ್ತಿದೆ, ಅದರೊಳಗಿನ ಜನ ಒಬ್ಬೊಬ್ಬರೇ ಉದುರುತ್ತಿದ್ದಾರೆ, ಇವನು ಬಾಟಲಿ ತಿರುಗಿಸುತ್ತಿದ್ದಾನೆ!

"ನೋಡಿ ಮಾವ" ಅಂದೆ. ಬಹುವಚನ! "ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಿಲ್ಲ. ನೋಡಿದ್ದು ಎಲ್ಲಾದರೂ ಇದ್ದರೆ ತೋರಿಸಿ, ಹಂಗೇ ಮಾಡಿಸ್ತೀನಿ. ಇಲ್ಲದೇ ಇದ್ದರೆ ನನ್ನ ಕೆಲಸ ಕೆಡಿಸಬೇಡಿ."

ಮಾವ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ.

"ಇದ್ರೆ ತೋರಿಸ್ತಿರ್ಲಿಲ್ವಾ ಅಳಿಯ" ಅಂದ. ಎದ್ದು ಹೋದ. ಮುದ್ದೆ ಬೆಂದಿತ್ತು, ಉಣ್ಣಲಿಲ್ಲ.

ಮುಂದಿನ ಮಂಗಳವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೂರನೇ ಮಂಗಳವಾರ ಹನ್ನೊಂದು ಗಂಟೆಯ ಸಾತನೂರು ಬಸ್ಸು ಬಂದಾಗ ನಾನೇ ಅಂಗಡಿಯ ಬಾಗಿಲಿಗೆ ಬಂದು ನಿಂತೆ. ಯಾರ್ಯಾರೋ ಇಳಿದರು. ಹಾಡದ ಕಂಡಕ್ಟರ್ ಒಬ್ಬ "ಚನ್ಪಟ್ಣ ಲಾಸ್ಟು, ಇಳೀರಿ ಇಳೀರಿ" ಅಂದ. ಅಂಗಡಿಯೊಳಗೆ ಎಷ್ಟು ಸದ್ದಿಲ್ಲ ಅಂತ ನನಗೆ ಅವತ್ತು ಗೊತ್ತಾಯಿತು. ಎರಡು ಮಷೀನು ಓಡುತ್ತಿತ್ತು, ಆದರೂ.

"ನೀವು ಒಸಿ ಜಾಸ್ತಿ ಆಡಿದ್ರಿ" ಅಂದಳು ಹೆಂಡತಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಮಾವ ಪ್ರತಿ ಸಾರಿ ಇಲ್ಲಿಗೆ ಬರೋಕೆ ಮುಂಚೆ ಗೊಂಬೆ ಬೀದಿಗೆ ಹೋಗಿ ಬರ್ತಿದ್ರು. ಅಲ್ಲಿ ಏನು ಮಾಡ್ತಿದ್ರು ಅಂತ ಒಂದಿನಾನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ರೇಟು ಬಿಟ್ಟು ಬೇರೆ ಪ್ರಶ್ನೆ ನನಗೆ ಬರುವುದು ಕಡಿಮೆ.

ಗೊಂಬೆ ಮಾಡುವವರ ಬೀದಿಯಲ್ಲಿ ವಯಸ್ಸಾದ ಉಸ್ತಾದರೊಬ್ಬರಿದ್ದಾರೆ. ಮರ ಕಡೆದು ಕಡೆದು ಬೆರಳೆಲ್ಲ ಅರಗಿನ ಬಣ್ಣ ಹಿಡಿದವರು. ನನ್ನನ್ನು ನೋಡಿ ಅವರೇ ಮಾತು ತೆಗೆದರು.

"ಏನು, ನಿಮ್ಮ ಮಾವ ಕಾಣ್ತಾನೇ ಇಲ್ಲ? ಹುಷಾರಿದಾನಾ?"

"ಇದಾನೆ ಚಾಚಾ. ಇಲ್ಲಿಗೆ ಯಾಕೆ ಬರ್ತಿದ್ದ ಅವನು?"

"ಯಾಕೆ ಅಂದ್ರೆ? ಹಳೇ ಮಾಲು ಹುಡುಕೋಕೆ. ನಿಮ್ಮ ತಾಯಿ ಕೈಬರಹ ಇರೋ ಗೊಂಬೆ ಒಂದಾದ್ರೂ ಸಿಕ್ತದಾ ಅಂತ. ಹಳೇ ಮೂಟೆಯೆಲ್ಲ ಬಿಚ್ಚಿ ನೋಡಿಬಿಟ್ಟ. ಎಲ್ಲಿಂದ ಉಳೀಬೇಕು ಬೇಟಾ? ಮಾಡಿದ್ದೆಲ್ಲ ಮಾರೋದೇ ಅಲ್ವಾ ನಮ್ಮ ಕಸುಬು."

ನಮ್ಮ ತಾಯಿ ಗೊಂಬೆ ಕೆಲಸಕ್ಕೆ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಏನು ಕೆಲಸ ಅಂತ ಗೊತ್ತಿರಲಿಲ್ಲ. ಗಿಲಕಿ, ಬುಗುರಿ, ನಡೆಗಾಡಿಯ ಹಿಡಿ, ಇವುಗಳ ಮೇಲೆ ಮಕ್ಕಳ ಹೆಸರು ಬರೆದುಕೊಡಿ ಅಂತ ಬಂದ ಆರ್ಡರುಗಳನ್ನೆಲ್ಲ ಬರೆಯುತ್ತಿದ್ದದ್ದು ಅವಳಂತೆ. ಕಂಡಕ್ಟರ್ ಕೆಲಸ ಸಿಗುವ ಮುಂಚೆ ಮಾವನೂ ಅಲ್ಲೇ ಇದ್ದನಂತೆ. ಉಸ್ತಾದರು ಗೊಂಬೆಗೆ ಬಳಸುವ ಆಲೆ ಮರದ ಒಂದು ತುಂಡು ಎತ್ತಿಕೊಂಡು ತೋರಿಸಿದರು.

"ನೋಡು, ನಾವೆಲ್ಲ ಬರೆಯೋದು ಹೆಂಗೆ? ಮರ ಹಿಡ್ಕೊಂಡು ಕುಂಚ ಓಡಿಸ್ತೀವಿ. ನಿಮ್ಮ ತಾಯಿ ಉಲ್ಟಾ. ಕುಂಚ ಅಲ್ಲಾಡ್ತಾನೇ ಇರ್ಲಿಲ್ಲ. ನಿಮ್ಮ ಮಾವ ಆ ಕಡೆ ಕೂತು ಹಗ್ಗ ಎಳೆದು ಮರ ತಿರುಗಿಸೋನು, ಒಸಿ ಒಸಿಯೇ. ಮರ ತಿರುಗಿದಂಗೆ ಅಕ್ಷರ ಬರೋದು. ಯಾವಾಗ ಎಳೀಬೇಕು, ಯಾವಾಗ ಬಿಡಬೇಕು ಅಂತ ಅವನಿಗೆ ತಿಳೀಬೇಕಲ್ಲ? ಅದಕ್ಕೆ ಪದ. ಅಕ್ಕ ಒಂದು ಸಾಲು ಹೇಳೋಳು, ಅಕ್ಷರ ಎತ್ತೋಳು. ತಮ್ಮ ಸೊಲ್ಲು ಕೊಡೋನು, ಹಗ್ಗ ಎಳೆಯೋನು. ಪದ ಎಳೆದಷ್ಟು ಸುತ್ತು, ಪದ ನಿಂತ ಕಡೆ ತಲೆಕಟ್ಟು. ಇಬ್ಬರೂ ಸೇರಿ ಬರೆದ ಅಕ್ಷರ ಅದು. ಒಬ್ಬರ ಕೈಯದಲ್ಲ."

ಬಾಟಲಿ ಯಾಕೆ ತಿರುಗುತ್ತಿತ್ತು ಅಂತ ಈಗ ತಿಳಿಯಿತು. ಅಕ್ಷರ ಕಿವಿಗೆ ಯಾಕೆ ಕೇಳಿಸುತ್ತಿತ್ತು ಅಂತಲೂ.

"ನಿಮ್ಮ ಮನೇಲಿ ಒಂದು ಪೆಟ್ಟಿಗೆ ಇತ್ತಲ್ಲ?" ಅಂದರು ಉಸ್ತಾದರು. "ಹೊಸದಾಗಿ ಬರೆದಾಗೆಲ್ಲ ಒಂದೊಂದು ಮಾದರಿ ಇಟ್ಕೊಂಡಿದ್ದಳು ನಿಮ್ಮ ತಾಯಿ."

ಇತ್ತು. ಅದನ್ನು ಮಾರಿದವನು ನಾನು.

ಹದಿನಾರು ವರ್ಷದ ಹಿಂದಿನ ಮಾತು. ಅವ್ವ ತೀರಿಕೊಂಡು ಕೆಲವು ತಿಂಗಳಾಗಿತ್ತು. ನನ್ನ ಮದುವೆ ಗೊತ್ತಾಗಿ ಮನೆ ರಿಪೇರಿ ಮಾಡಿಸುತ್ತಿದ್ದೆ. ಮೈಸೂರು ರಸ್ತೆಯಲ್ಲಿ ಹಳೇ ಸಾಮಾನು ಕೊಂಡು ಸಿಂಗರಿಸಿ ಮಾರುವವನೊಬ್ಬ ಬಂದು ಪೆಟ್ಟಿಗೆಗೆ ಎಂಟುನೂರು ಅಂದ. ನಾನು ಬಿಡುತ್ತೇನೆಯೇ? ಎರಡು ಗಂಟೆ ಜಗ್ಗಾಡಿ ಎರಡು ಸಾವಿರದ ಇನ್ನೂರಕ್ಕೆ ಕೊಟ್ಟೆ. ಅವತ್ತು ಸಂಜೆ ಮಾವ ಬಂದ. ಆ ದುಡ್ಡಲ್ಲೇ ಮದ್ದೂರು ವಡೆ ತರಿಸಿ, ಅವನ ಮುಂದಿಟ್ಟು, ಹೇಗೆ ಆ ವ್ಯಾಪಾರಿಯ ನೀರಿಳಿಸಿದೆ ಅಂತ ಅಭಿನಯ ಸಮೇತ ವರ್ಣಿಸಿದೆ! ಮಾವ ವಡೆ ಮುರಿದು ನಿಧಾನಕ್ಕೆ ತಿಂದ. "ಒಳ್ಳೇ ರೇಟೇ ಬಂತು ಬುಡಳಿಯ" ಅಂದ. ಅಷ್ಟೇ. ಹದಿನಾರು ವರ್ಷದಲ್ಲಿ ಇನ್ನೊಂದು ಮಾತಿಲ್ಲ.

ಉಸ್ತಾದರ ಮಾತು ಕೇಳಿದ ದಿನ ಮಧ್ಯಾಹ್ನವೇ ಆ ಹಳೇ ಸಾಮಾನಿನ ಅಂಗಡಿಗೆ ಹೋದೆ. ಅಪ್ಪ ಹೋಗಿ ಮಗ ಕೂತಿದ್ದ. ಜನ್ಮದಲ್ಲಿ ಮೊದಲನೇ ಸಾರಿ ನಾನು ಉಲ್ಟಾ ಚೌಕಾಸಿ ಮಾಡಿದೆ. "ಒಂದೇ ಒಂದು ಗೊಂಬೆ ಇದ್ದರೂ ಸಾಕು, ಎರಡು ಸಾವಿರ ಕೊಡ್ತೀನಿ. ಮೂರು. ನಾಲ್ಕು." ಅವನು ಮರುಕದಿಂದ ನೋಡಿದ. "ಯಾವುದೋ ಹೋಟೆಲಿನವರು ಒಟ್ಟಿಗೇ ತಗೊಂಡು ಹೋದ್ರು ಅಂತ ಅಪ್ಪ ಹೇಳ್ತಿದ್ರು ಸಾರ್. ಯಾರು ಅಂತ ಗೊತ್ತಿಲ್ಲ." ನಾನು ರೇಟು ಏರಿಸುತ್ತಾ ಹೋದೆ, ಎದುರಿಗೆ ಮಾಲೇ ಇಲ್ಲ. ಕೊಡುವವನೇ ಇಲ್ಲದ ಕಡೆ ಚೌಕಾಸಿ ಮಾಡಿ ನೋಡಿ, ನಿಮ್ಮ ದನಿಯೇ ನಿಮಗೆ ಹೇಗೆ ಕೇಳಿಸುತ್ತದೆ ಅಂತ.

ಮಾರನೇ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ. ನನ್ನ ಹೆಂಡತಿ ಮಗಳ ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದಳು. ಅವ್ವನ ಕಾಲದ ಹಳೇ ಲಟ್ಟಣಿಗೆ. ಹೊಸದು ತರುತ್ತೇನೆ ಅಂತ ಎಷ್ಟು ಸಾರಿ ಹೇಳಿದ್ದೆ. ಇದು ಕೈಗೆ ಒಗ್ಗಿದೆ ಅಂತ ಅವಳು ಬಿಟ್ಟಿರಲಿಲ್ಲ. ಲಟ್ಟಣಿಗೆ ಮುಂದಕ್ಕೆ ಉರುಳುತ್ತಿತ್ತು, ಹಿಂದಕ್ಕೆ ಉರುಳುತ್ತಿತ್ತು. ಅದರ ಹಿಡಿಯ ಮೇಲೆ, ಹಿಟ್ಟು ಎಣ್ಣೆ ಮೆತ್ತಿದ ಕೆಳಗೆ, ಮಾಸಿದ ಕೆಂಪು ಗೆರೆಯೊಂದು ಏರಿ ಇಳಿದು ಸುತ್ತುತ್ತಿತ್ತು.

ತಿರುಗುತ್ತಿತ್ತು.

ಕಾಫಿ ಎಲ್ಲಿಟ್ಟೆನೋ ನೆನಪಿಲ್ಲ. ಅವಳ ಕೈಯಿಂದ ಲಟ್ಟಣಿಗೆ ಕಿತ್ತುಕೊಂಡೆ. "ಏನ್ರೀ ಇದು, ಹುಚ್ಚು ಹಿಡೀತಾ?" ಅಂದಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಹದಿನೈದು ವರ್ಷ ಏನೋ ಚಿತ್ತಾರ ಅಂದುಕೊಂಡಿದ್ದದ್ದು ಅಕ್ಷರ! ಹಿಡಿಯ ಸುತ್ತ ಎರಡು ಸುತ್ತು ಬರೆದಿತ್ತು. ಒಂದು ಕಡೆಯಿಂದ ನೋಡಿದರೆ ಅರ್ಧ ಅಕ್ಷರ ಮಾತ್ರ ಕಾಣುತ್ತದೆ, ತಿರುಗಿಸುತ್ತಾ ಓದಬೇಕು. ನಾನು ತಿರುಗಿಸಿದೆ, ಅವಳು ಓದಿದಳು.

"ಸೊಸೆ... ಹಿಟ್ಟು... ಚೆಲ್ಲಬೇಡ."

ಮುಂದೆ ಎಂದಾದರೂ ಬರುವ ಸೊಸೆಗೆ ಅಂತ ಅವ್ವ ಮಾಡಿಟ್ಟದ್ದು. ಸೊಸೆಯನ್ನು ನೋಡುವುದಕ್ಕೆ ಅವಳು ಉಳಿಯಲಿಲ್ಲ. ಅತ್ತೆಯನ್ನು ಇವಳೂ ಕಂಡಿಲ್ಲ.

"ಅಲ್ಲಾ, ಹದಿನೈದು ವರ್ಷದಿಂದ ನಮ್ಮತ್ತೆ ನನ್ನ ಕೈಯಲ್ಲೇ ಕೂತ್ಕೊಂಡು ಬೈತಾ ಇದ್ದಾರೆ, ನಾನು ಕೇಳಿಸ್ಕೊಂಡೇ ಇಲ್ವಲ್ರೀ!" ಅಂದಳು. ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಲೆಯ ಸುತ್ತ ಚೆಲ್ಲಿದ್ದ ಹಿಟ್ಟನ್ನು ಬಳಿದು ತೆಗೆದಳು.

ಮುಂದಿನದು ಅವಳ ಬುದ್ಧಿ. ಅಂಗಡಿಯಿಂದ ಐದು ರೂಪಾಯಿಯ ಒಂದು ಬಟರ್ ಪೇಪರ್ ತಂದು ಹಿಡಿಗೆ ಸುತ್ತಿ, ಸೀಸದ ಕಡ್ಡಿಯಲ್ಲಿ ಗೆರೆ ಎತ್ತಿಕೊಂಡು ಬಿಚ್ಚಿದಳು. ಹಿಡಿ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಹಾಗಾಗಿ ಸಾಲು ನೇರವಾಗಿ ಬರಲಿಲ್ಲ. ಬಿಲ್ಲಿನ ಹಾಗೆ ಬಾಗಿ ಬಂತು. ಪ್ರಪಂಚದ ಯಾವ ಫಾಂಟಿನಲ್ಲೂ ಇಲ್ಲದ ಬಾಗು ಅದು. ಸೊಸೆಯ 'ಸೊ', ಚೆಲ್ಲಬೇಡದ 'ಲ್ಲ', ಹಿಟ್ಟು ಅನ್ನುವುದರ 'ಉ' ಕೊಂಬು, ಮೂರನ್ನೂ ಅದೇ ಬಾಗಿನಲ್ಲಿ ಕೂರಿಸಿ ಪ್ರಿಂಟು ತೆಗೆದಳು.

ಸಾತನೂರಿಗೆ ನಾನೊಬ್ಬನೇ ಹೋದೆ. ಮಾವ ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ತುಂಬಿದ ಚೀಲದ ಪಕ್ಕ ಕೂತು ಯಾರಿಗೋ ಬಸ್ಸಿನ ಟೈಮು ಹೇಳುತ್ತಿದ್ದ. ನಾನು ಪ್ರಿಂಟನ್ನು ಕೊಡಲಿಲ್ಲ. ಲಟ್ಟಣಿಗೆಯನ್ನೇ ಕೈಗಿಟ್ಟೆ.

ಮೊದಲು ತಮಾಷೆ ಅಂದುಕೊಂಡ. "ಏನ್ಲಾ ಅಳಿಯ, ಚಪಾತಿ ಲ..." ಅಂದವನು ನಿಲ್ಲಿಸಿದ. ಹೆಬ್ಬೆಟ್ಟು ಹಿಡಿಯ ಮೇಲೆ ಹೋಯಿತು. ಒಸಿ ಒಸಿಯೇ ತಿರುಗಿಸಿದ. ತುಟಿ ಅಲ್ಲಾಡಿತು. ಎಳೆಯಬೇಕಾದ ಕಡೆ ಎಳೆದ, ನಿಲ್ಲಬೇಕಾದ ಕಡೆ ನಿಂತ. ಪದ ಹೇಳುವವಳು ಇರಲಿಲ್ಲ. ಅವನು ಸೊಲ್ಲು ಮಾತ್ರ ಕೊಟ್ಟ. ಪೂರ್ತಿ ಎರಡು ಸುತ್ತು.

"ನಿಂಗ್ ಗೊತ್ತಾಗ್ಬುಡ್ತಾ?" ಅಂದ, ತಲೆ ಎತ್ತದೆ.

"ಯಾಕ್ ಮಾವ ಹೇಳ್ಲಿಲ್ಲ? ಏಳು ತಿಂಗಳು! ಅಕ್ಕನ ಅಕ್ಷರ ಬೇಕು ಅಂತ ಒಂದು ಮಾತು ಅಂದಿದ್ರೆ..."

"ಅಂದಿದ್ರೆ ಏನ್ಲಾ ಮಾಡ್ತಿದ್ದೆ? ಮಾರಿದ್ದು ನೆಪ್ಪಾಗೋದು. ಅವತ್ತು ತಿಂದಿದ್ ವಡೆ ಇವತ್ತು ನಿನ್ ಗಂಟ್ಲಲ್ಲಿ ನಿಲ್ಲೋದು. ಹೋಗ್ಲಿ, ಎಲ್ಲಾದ್ರೂ ಅಂಥದ್ದೇ ಒಂದು ಅಕ್ಷರ ಸಿಕ್ಕಿದ್ರೆ, ನಿಂಗೂ ತಿಳೀದಂಗೆ ಹಾಕ್ಕಂಡ್‌ಬುಡ್ಮಾ ಅಂತಿದ್ದೆ."

'ಸೊಲ್ಲು' ಮೊದಲನೇ ಸಂಚಿಕೆ ಅವ್ವನ ಅಕ್ಷರದಲ್ಲೇ ಬಂತು. ಇನ್ನೂರು ಪ್ರತಿ. ಮೊದಲನೇ ಪ್ರತಿ ಕಬ್ಬಾಳಿನ ಮುದುಕಿಗೆ, ಅವಳು ತನ್ನ ಫೋಟೋ ನೋಡಿ, "ನಾನೇನ್ ಇಷ್ಟು ಮುದುಕಿಯಾ?" ಅಂತ ಜಗಳ ತೆಗೆದಳಂತೆ. ಇನ್ನು ಲಟ್ಟಣಿಗೆ ಯಾರಿಗೆ ಅನ್ನುವ ವಿಷಯದಲ್ಲಿ ನನ್ನ ಹೆಂಡತಿಗೂ ಮಾವನಿಗೂ ನಡೆದ ಚೌಕಾಸಿಯಂಥದ್ದನ್ನು ನಾನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ. "ನಮ್ಮಕ್ಕಂದು ಕಣವ್ವ" ಅಂದ ಮಾವ. "ಸೊಸೆ ಅಂತ ಬರೆದೈತೆ ಮಾವ, ತಮ್ಮ ಅಂತ ಎಲ್ಲೈತೆ ತೋರ್ಸಿ" ಅಂದಳು ಇವಳು. ಮಾವ ಸೋತ. ಆದರೆ ಈಗ ಮಂಗಳವಾರ ಬಂದರೆ ಹಜಾರದಲ್ಲಿ ಕೂರುವುದಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ತನ್ನ ಹಣೆ ತಾನೇ ಮುಟ್ಟಿ ನೋಡಿಕೊಂಡು, "ಜ್ವರ ಬಂದಂಗೈತೆ ಕಣವ್ವ, ಎರಡು ಚಪಾತಿ ಹಾಕು" ಅನ್ನುತ್ತಾನೆ. ಅವಳು ಲಟ್ಟಿಸುವ ತನಕ ಕಣ್ಣು ಮುಚ್ಚಿಕೊಂಡು ಗುನುಗುತ್ತಿರುತ್ತಾನೆ. ಎರಡು ಅನ್ನುವುದು ಆರಾಗುತ್ತದೆ. ಜ್ವರ ಇಳಿಯುವುದೇ ಇಲ್ಲ.

ವ್ಯಾಪಾರಸ್ಥನ ಮಾತು, ಬೇಕಾದರೆ ಇಟ್ಟುಕೊಳ್ಳಿ. ಫಾಂಟಿಗಾಗಿ ಪರದಾಡುವ ಮುಂಚೆ ಮನೆಯ ಅಡುಗೆಮನೆ ಒಂದು ಸಾರಿ ನೋಡಿ. ಬಣ್ಣದ ಮರದ ಸಾಮಾನಿಗೆ ಸೋಪು ಹಾಕಿ ಉಜ್ಜಬೇಡಿ, ಒದ್ದೆ ಬಟ್ಟೆ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸಾಕು. ಹಿರಿಯರು ಹುಚ್ಚುಹುಚ್ಚಾಗಿ ಏನನ್ನೋ ಕೇಳಿದರೆ ಎಷ್ಟಾಗುತ್ತದೆ ಅಂತ ಕೇಳಬೇಡಿ, ಯಾರದ್ದು ಅಂತ ಕೇಳಿ. ಹಳೇ ಸಾಮಾನಿನವನು ಬಾಗಿಲಿಗೆ ಬಂದಾಗ ರೇಟು ಎಷ್ಟಾದರೂ ಜಗ್ಗಾಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ತಕ್ಕಡಿಗೆ ಹಾಕುವ ಮುಂಚೆ, ಏನೇ ಇರಲಿ, ಕೈಯಲ್ಲಿ ಹಿಡಿದು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ.